ಮೊದಲು ಬಸ್ಸು, ಆಮೇಲೆ ಶುಲ್ಕ

ಕಾರು ತೆಗೆಯುವವನು ತನ್ನ ಸಮಯವನ್ನಷ್ಟೇ ಲೆಕ್ಕ ಹಾಕುತ್ತಾನೆ. ತನ್ನಿಂದ ಹಿಂದಿನವರಿಗಾಗುವ ತಡವನ್ನಲ್ಲ. ಎಲ್ಲರೂ ಹೀಗೆ ಹೊರಟಾಗ ಎಲ್ಲರೂ ನಿಲ್ಲುತ್ತಾರೆ. ಒಬ್ಬನೇ ಬದಲಾದರೆ ಅವನಿಗೂ ಲಾಭವಿಲ್ಲ. ಆಟದ ಸಿದ್ಧಾಂತದಲ್ಲಿ ಇದಕ್ಕೆ ‘ನ್ಯಾಶ್ ಸಮತೋಲನ’ ಎನ್ನುತ್ತಾರೆ.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಮೊದಲು ಬಸ್ಸು ಹೆಚ್ಚಿಸಿದರು. 2006ರ ಜನವರಿಯಿಂದ ಜುಲೈವರೆಗೆ, ನಗರದ ಒಳಹೊರಗೆ ಹೋಗುವ ವಾಹನಗಳಿಗೆ ಹೊತ್ತಿಗೆ ತಕ್ಕಂತೆ 10ರಿಂದ 20 ಕ್ರೋನರ್ ಶುಲ್ಕ ಹಾಕಿ ನೋಡಿದರು. ಸಂಚಾರ ಸುಮಾರು ಶೇ. 20ರಷ್ಟು ಇಳಿಯಿತು, ಶುಲ್ಕ ನಿಂತಾಗ ಮತ್ತೆ ಏರಿತು. ಮೊದಲು ಹೆಚ್ಚಿನವರು ವಿರೋಧಿಸಿದ್ದರೂ ಸೆಪ್ಟೆಂಬರಿನ ಜನಮತದಲ್ಲಿ ನಗರದ ಬಹುಮತ ಒಪ್ಪಿತು. 2007ರಲ್ಲಿ ಶುಲ್ಕ ಕಾಯಂ ಆಯಿತು.

ಬಸ್ಸಿಲ್ಲದ ಕಡೆ ಶುಲ್ಕ ಹಾಕಿದರೆ ಉಳ್ಳವನಿಗೆ ರಸ್ತೆ, ಇಲ್ಲದವನಿಗೆ ದಂಡ. ಬೆಂಗಳೂರಿನಲ್ಲಿ ದುಡಿಯುವ ನಮ್ಮೂರಿನ ಮಕ್ಕಳನ್ನು ನೆನೆದು ಈ ಮಾತು ಹೇಳಿದೆ.