ಕಾಫಿ ನಮ್ಮದು, ಕಸುಬು ಯಾರದು?

(ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಲೆಯ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಬೆಲೆಯ ಬಗ್ಗೆಯೇ ಮಾತಾಡ್ತೀನಿ. ಆದರೆ ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಯಿಂದ ಶುರು ಮಾಡೋದಿಲ್ಲ. ನಮ್ಮ ಮನೆಯ ಪಲ್ಪರ್‌ನಿಂದ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಅರೇಬಿಕಾ ಹಣ್ಣು ಎಲ್ಲಾ ಒಟ್ಟಿಗೆ ಬಂತು. ಆಳು ಸಿಕ್ಕಿದ್ದರು, ಬಿಸಿಲೂ ಚೆನ್ನಾಗಿತ್ತು. ಸಂಜೆ ಪಲ್ಪರ್ ಹಾಕಿದರೆ ಕಟಕಟ ಅಂತ ಸದ್ದು. ಕೈ ಹಾಕಿ ನೋಡಿದೆ, ಬೀಜ ಕತ್ತರಿಸಿಕೊಂಡು ಬರ್ತಾ ಇದೆ. ನಿಲ್ಲಿಸಿಬಿಟ್ಟೆ. ನಾಲ್ಕಾರು ಕಡೆಗೆ ಫೋನ್ ಮಾಡಿದೆ. ನಮ್ಮ ಸುತ್ತಿನಲ್ಲಿ ಆ ಮಿಷಿನ್ ಬಲ್ಲವನು ಒಬ್ಬನೇ ಮೇಸ್ತ್ರಿ, ವಯಸ್ಸು ಅರವತ್ತು ದಾಟಿದೆ. ಆ ವಾರ ಎಲ್ಲರಿಗೂ ಅವನೇ ಬೇಕು. ನಮ್ಮ ಮನೆಗೆ ಬಂದದ್ದು ನಾಲ್ಕನೆಯ ದಿನ.

ಕೊಯ್ದ ಹಣ್ಣು ನಾಲ್ಕು ದಿನ ಕಾಯುತ್ತದೆಯೇ? ಕೊಯ್ದ ದಿನವೇ ಪಲ್ಪ್ ಆಗಬೇಕು, ಇಲ್ಲದಿದ್ದರೆ ರಾಶಿಯಲ್ಲೇ ಹುಳಿ ಬರುತ್ತದೆ. ಪಾರ್ಚ್‌ಮೆಂಟ್ ಆಗಬೇಕಾದ ಹಣ್ಣನ್ನು ಕಣದಲ್ಲಿ ಹರವಿ ಚೆರ್ರಿ ಮಾಡಿದೆ. ಎರಡರ ಬೆಲೆಗೂ ಎಷ್ಟು ಅಂತರ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಅಂತರದ ದುಡ್ಡು ನನ್ನ ಆ ವರ್ಷದ ಬಡ್ಡಿಯ ದುಡ್ಡು. ಬೆಳೆ ಇತ್ತು, ಬೆಲೆ ಇತ್ತು. ಬಡ್ಡಿ ಕಟ್ಟಲು ಆಗಲಿಲ್ಲ.

ಮೇಸ್ತ್ರಿ ಬಂದವನು ಮಿಷಿನ್ ಬಿಚ್ಚಿದ, ಸವೆದ ಬೇರಿಂಗ್ ತೆಗೆದು ಹೊಸದು ಕೂರಿಸಿದ, ಸಂದು ಸರಿ ಮಾಡಿದ. ಒಂದು ಹಿಡಿ ಹಣ್ಣು ಹಾಕಿ ಬೀಜ ಬೆಳಕಿಗೆ ಹಿಡಿದು ನೋಡಿದ. ಮುಕ್ಕಾಲು ಗಂಟೆ ಕೆಲಸ. “ನಿನ್ನ ಮಗನಿಗೆ ಕಲಿಸಲಿಲ್ಲವೇನಯ್ಯಾ?” ಅಂದೆ. “ಅವನು ಮಡಿಕೇರೀಲಿ ಟೂರಿಸ್ಟ್ ಜೀಪ್ ಓಡಿಸ್ತಾನೆ, ಗೌಡ್ರೇ. ನನ್ನ ಕೈಯಲ್ಲಿ ಗ್ರೀಸ್ ನೋಡಿ ಅವನಿಗೆ ನಾಚಿಕೆ. ನೀವಾದರೂ ನಿಮ್ಮ ಮಗನ್ನ ಕಳಿಸ್ತೀರಾ?” ಅಂದ. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ.

ಆ ಪ್ರಶ್ನೆಯನ್ನೇ ಇವತ್ತು ನಿಮ್ಮ ಮುಂದೆ ಇಡ್ತಾ ಇದ್ದೀನಿ. ಬೆಳೆಯೋದು ನಾವು. ಬೆಳೆದದ್ದನ್ನು ಸರಕು ಮಾಡುವ ಕಸುಬು ನಮ್ಮಲ್ಲಿ ಯಾರ ಕೈಯಲ್ಲಿದೆ? ಆ ಕಸುಬು ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲೇ.

ರೋಬಸ್ಟಾ ತೆಗೆದುಕೊಳ್ಳಿ. 50 ಕಿಲೋ ಚೀಲ ಚೆರ್ರಿ ಹೊತ್ತುಕೊಂಡು ವ್ಯಾಪಾರಿಯ ಅಂಗಡಿಗೆ ಹೋಗ್ತೀವಿ. ಅವನು ಸ್ವಲ್ಪ ಸುಲಿದು, ತೂಗಿ, “ಔಟ್‌ಟರ್ನ್ 26” ಅಂತಾನೆ. ಅಂದರೆ ಆ ಚೀಲದಲ್ಲಿ ಬೀಜ 26 ಕಿಲೋ. ಒಂದು ಔಟ್‌ಟರ್ನ್‌ಗೆ 350 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿಯಿರಿ, ಚೀಲಕ್ಕೆ 9,100 ಆಯ್ತು. ನಿಜವಾದ ಔಟ್‌ಟರ್ನ್ 28 ಇದ್ದರೆ 9,800 ಆಗಬೇಕಿತ್ತು. ಚೀಲಕ್ಕೆ 700 ರೂಪಾಯಿ ಹೋಯ್ತು. 60 ಚೀಲ ಇದ್ದವನಿಗೆ 42,000. ಇದನ್ನು ಯಾರೂ ಕದಿಯಲಿಲ್ಲ. ನಮಗೆ ಅಳೆಯಲು ಬರಲಿಲ್ಲ, ಅಷ್ಟೆ.

ನನ್ನ ತಮ್ಮನ ಮಗಳು ಕ್ಯೂರಿಂಗ್ ವರ್ಕ್ಸ್ ಒಂದರ ಲ್ಯಾಬಿನಲ್ಲಿ ಎರಡು ವರ್ಷ ಕೆಲಸ ಮಾಡಿದವಳು. “ದೊಡ್ಡಪ್ಪ, ಮಾರೋಕೆ ಮೊದಲು ಹತ್ತು ಚೀಲದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ ಒಂದು ಕಿಲೋ ಕೊಡಿ” ಅಂದಳು. ತೇವ ನೋಡಿದಳು, ಶೇಕಡಾ 11ರ ಹತ್ತಿರ ಇತ್ತು. ಸುಲಿದು ತೂಗಿದಳು, 560 ಗ್ರಾಂ ಬೀಜ. ಅಂದರೆ 50 ಕಿಲೋಗೆ 28. ಚೀಟಿಯಲ್ಲಿ ಬರೆದುಕೊಂಡು ಹೋದೆ. ಮೊದಲನೆಯ ಅಂಗಡಿಯಲ್ಲಿ 26 ಅಂದರು. ಚೀಟಿ ತೆಗೆದೆ. ಎರಡನೆಯ ಅಂಗಡಿಯಲ್ಲಿ 28ಕ್ಕೇ ತೆಗೆದುಕೊಂಡರು. ಆ ಹುಡುಗಿಯ ಅರ್ಧ ಗಂಟೆಯ ಕೆಲಸ ನನ್ನ ಗೊಬ್ಬರದ ಸಾಲ ತೀರಿಸಿತು.

ಈ ಅಳತೆ ನಮಗೆ ಯಾಕೆ ಬರೋದಿಲ್ಲ? ಹಿರಿಯರಿಗೆ ನೆನಪಿದೆ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಕ್ಯೂರಿಂಗ್ ವರ್ಕ್ಸಿಗೆ ಚೀಲ ಇಳಿಸಿ ರಸೀದಿ ತಂದರೆ ನಮ್ಮ ಕೆಲಸ ಮುಗೀತು. ದುಡ್ಡು ಕಂತು ಕಂತಾಗಿ ಬರೋದು. ಪೂಲ್‌ನಿಂದ ಒಳ್ಳೆಯದೂ ಆಯ್ತು, ಕೆಟ್ಟದ್ದೂ ಆಯ್ತು. ಆ ಜಗಳ ಇವತ್ತು ಬೇಡ. ಆದರೆ ಅರ್ಧ ಶತಮಾನ ನಾವು ಗಿಡದ ಬುಡದಲ್ಲೇ ಉಳಿದೆವು. ಸುಲಿಯೋದು, ಜರಡಿ ಹಿಡಿಯೋದು, ದರ್ಜೆ ಕಟ್ಟೋದು ಬೇರೆಯವರ ಕೆಲಸ ಅಂದುಕೊಂಡೆವು. 1996ಕ್ಕೆ ಪೂಲ್ ಪೂರ್ತಿ ಮುಗಿದು, ಮಾರುವ ಸ್ವಾತಂತ್ರ್ಯ ನಮ್ಮ ಕೈಗೆ ಬಂತು. ಸ್ವಾತಂತ್ರ್ಯ ಬಂತು, ಕಸುಬು ಬರಲಿಲ್ಲ.

ಕಸುಬು ಎಲ್ಲಿತ್ತು? ಹಿಂದೆ ಕೊಡಗಿನ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರು, ತಲಶ್ಶೇರಿ ಸೇರ್ತಿತ್ತು. ಅಲ್ಲಿ ಒಣಗಿಸಿ, ಸುಲಿದು, ಆರಿಸಿ ಹಡಗಿಗೆ ಹಾಕೋರು. ನಮ್ಮ ಬೆಟ್ಟದ ಮೇಲೆ ಮಂಜು, ಮೋಡ. ಸರಿಯಾಗಿ ಒಣಗಲು ಬಿಸಿಲು ಬೇಕು ಅನ್ನೋದು ಆಗ ನಿಜವಾದ ಕಾರಣ. ಈಗ ಮಳೆ ಕಡಿಮೆಯಿರುವ ಕುಶಾಲನಗರದ ಕಡೆ, ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲೇ ಕ್ಯೂರಿಂಗ್ ವರ್ಕ್ಸ್‌ಗಳಿವೆ. ಯಾವತ್ತಾದರೂ ಒಳಗೆ ಹೋಗಿ ನೋಡಿ. ಕಲ್ಲು ಬೇರ್ಪಡಿಸುವ ಯಂತ್ರ, ಸುಲಿಯುವ ಹಲ್ಲರ್, ಜರಡಿ. 7.10 ಮಿಲಿಮೀಟರ್ ತೂತಿನ ಮೇಲೆ ನಿಂತರೆ ಡಬಲ್ ಎ, 6.65ರ ಮೇಲೆ ನಿಂತರೆ ಎ, 6ರ ಮೇಲೆ ಬಿ. ಅರ್ಧ ಮಿಲಿಮೀಟರ್‌ನಲ್ಲಿ ಬೆಲೆ ಬದಲಾಗುತ್ತದೆ. ಮೊದಲು ಹೆಣ್ಣುಮಕ್ಕಳು ಸಾಲಾಗಿ ಕೂತು ಕಪ್ಪು ಬೀಜ ಆರಿಸೋರು. ಈಗ ಬಣ್ಣ ಗುರುತಿಸುವ ಯಂತ್ರ ಆರಿಸುತ್ತದೆ. ಆರಿಸುವ ಕೈ ಕಡಿಮೆಯಾಯ್ತು, ಆ ಯಂತ್ರ ತಿಳಿದ ಕೈಗೆ ಬೇಡಿಕೆ ಬಂತು. ಆ ಕೈ ನಮ್ಮ ಊರಿನದಾಗಬೇಕು ಅಂತ ನಾವು ಯಾರೂ ಯೋಚನೆ ಮಾಡಲಿಲ್ಲ.

ಇನ್ನೂ ಮುಂದಕ್ಕೆ ಹೋಗಿ. ಭಾರತದ ಕಾಫಿಯಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಪಾಲು ಈ ಪುಟ್ಟ ಜಿಲ್ಲೆಯದು. ಇನ್‌ಸ್ಟಂಟ್ ಕಾಫಿಯ ದೊಡ್ಡ ಕಾರ್ಖಾನೆಗಳು ಎಲ್ಲಿವೆ? ನಂಜನಗೂಡಿನಲ್ಲಿದೆ. ಆಂಧ್ರದ ದುಗ್ಗಿರಾಲದಲ್ಲಿದೆ. ತೆಲಂಗಾಣದ ತೂಪ್ರಾನ್‌ನಲ್ಲಿದೆ, ತಮಿಳುನಾಡಿನ ತೇನಿಯಲ್ಲಿದೆ. ದುಗ್ಗಿರಾಲ ಅರಿಸಿನದ ಊರು ಸ್ವಾಮಿ, ಅಲ್ಲಿ ಒಂದು ಕಾಫಿ ಗಿಡ ಇಲ್ಲ. ಗಿಡ ಇದ್ದ ಕಡೆಗೇ ಕಾರ್ಖಾನೆ ಬರುತ್ತದೆ ಅನ್ನೋದು ಸುಳ್ಳು. ರಸ್ತೆ, ನೀರು, ಕರೆಂಟು, ಬಂದರು ಎಲ್ಲಾ ನೋಡ್ತಾರೆ. ಕೆಲಸ ಬಲ್ಲ ಜನ ಇದ್ದಾರೆಯೇ ಅಂತಲೂ ನೋಡ್ತಾರೆ.

ಮಿಷಿನ್ ಮಾಡೋದು ಬಿಳಿ ಜನರ ಕೆಲಸ, ಬೆಳೆಯೋದು ನಮ್ಮಂಥವರ ಹಣೆಬರಹ ಅಂತ ಕೆಲವರು ಹೇಳ್ತಾರೆ. ಜರ್ಮನಿಯ ಎಮ್ಮೆರಿಖ್ ಊರಿನಲ್ಲಿ 1868ರಿಂದ ಕಾಫಿ ಹುರಿಯುವ ಯಂತ್ರ ಮಾಡ್ತಿದ್ದಾರೆ, ಅಲ್ಲಿ ಕಾಫಿ ಗಿಡ ಇಲ್ಲ, ಸರಿ. ಆದರೆ ಕೊಲಂಬಿಯಾ? ಬ್ರೆಜಿಲ್? ಅವರೂ ನಮ್ಮ ಹಾಗೆ ಬೆಳೆಗಾರರೇ, ನಮ್ಮ ಹಾಗೆ ಬೆಲೆ ಕುಸಿದಾಗ ಅತ್ತವರೇ. ಕೊಲಂಬಿಯಾದ ಬುಕಾರಮಾಂಗಾದಲ್ಲಿ ಪೆನಗೋಸ್ ಪಲ್ಪರ್ ಮಾಡ್ತಾರೆ. ಬ್ರೆಜಿಲ್‌ನ ಪಿನ್ಯಾಲ್ ಊರಿನಲ್ಲಿ 1950ರಲ್ಲಿ ಶುರುವಾದ ಪಿನ್ಯಾಲೆನ್ಸೆ ಕಂಪನಿ ಕಾಫಿ ಯಂತ್ರಗಳನ್ನು ದೇಶ ದೇಶಕ್ಕೆ ಮಾರುತ್ತದೆ. ಕಾಫಿ ಬೆಳೆಯುವ ನಾಡಿನ ನಡುವೆಯೇ ಕಮ್ಮಾರಸಾಲೆ ದೊಡ್ಡದಾಗಿ ಫ್ಯಾಕ್ಟರಿ ಆಯ್ತು. ತೋಟದವನ ಕಷ್ಟ ಅವರಿಗೆ ಗೊತ್ತಿತ್ತು, ಅದಕ್ಕೆ ತಕ್ಕ ಮಿಷಿನ್ ಮಾಡಿದರು. ನಮ್ಮ ಕಮ್ಮಾರರು ಕತ್ತಿ, ಕೋವಿ ರಿಪೇರಿ ಮಾಡಿದ ಕೈಗಳವರು. ಆ ಕೈಗಳಿಗೆ ಲೇತ್ ಕೊಟ್ಟವರು ಯಾರು?

ಈಗ ಬೆಲೆ ಚೆನ್ನಾಗಿದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. 2024ರಲ್ಲಿ ರೋಬಸ್ಟಾ ಚೆರ್ರಿ ಚೀಲಕ್ಕೆ 10,000 ರೂಪಾಯಿ ದಾಟಿತು, ನಿಜ. ಅದನ್ನು ತಂದದ್ದು ನಾವಲ್ಲ, ವಿಯೆಟ್ನಾಂ, ಬ್ರೆಜಿಲ್‌ನ ಬರ. ಅಲ್ಲಿ ಮಳೆ ಬಂದರೆ ಇಲ್ಲಿ ಬೆಲೆ ಇಳಿಯುತ್ತದೆ. 2001-02ರಲ್ಲಿ ಲೋಕದ ಬೆಲೆ ಪಾತಾಳಕ್ಕೆ ಹೋದಾಗ ಮಾಡಿದ ಸಾಲ ಎಷ್ಟು ವರ್ಷ ನಮ್ಮನ್ನು ತಿಂದಿತು? 2010ರಲ್ಲಿ ಕೇಂದ್ರ ಸರ್ಕಾರ ಕಾಫಿ ಸಾಲ ಪರಿಹಾರದ ಪ್ಯಾಕೇಜ್ ಕೊಡುವ ತನಕ ಹೋಯ್ತು ಅದು. ಇನ್ನು ಸರ್ಫೇಸಿ ಕಾಯ್ದೆಯ ನೋಟೀಸು ಬಂದವರ ಮನೆಯ ಸಂಕಟ ಈ ಸಭೆಗೆ ಗೊತ್ತು. ಬೆಲೆ ಇಳಿದ ವರ್ಷ ಮನೆಯಲ್ಲಿ ತಿಂಗಳಿಗೊಂದು ಸಂಬಳ ಬರುವ ಕಸುಬುದಾರ ಇದ್ದರೆ ಆ ಮನೆ ತೋಟ ಮಾರೋದಿಲ್ಲ. ನನ್ನ ಮಾತಿನ ತಿರುಳು ಇಷ್ಟೇ.

ಹುಡುಗರೇ, ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐಯಲ್ಲಿ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ಡೀಸೆಲ್ ಮೆಕ್ಯಾನಿಕ್ ಒಂದೇ ವರ್ಷ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆದು ಕಲಿಯಬಹುದು. ಮಡಿಕೇರಿಯಲ್ಲಿ ಐಟಿಐ ಇದೆ, ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಮೈಸೂರು, ಬೆಂಗಳೂರಿಗೆ ಹೋಗಿ ಫ್ಯಾಕ್ಟರಿ ಸೇರಿ, ನಾನು ಬೇಡ ಅನ್ನೋದಿಲ್ಲ. ಐದು ವರ್ಷ ಕೆಲಸ ಕಲಿತು ಹಿಂದಿರುಗಿ ಬನ್ನಿ ಅಂತ ಮಾತ್ರ ಕೇಳ್ತೀನಿ. ಹಿಂದಿರುಗಿ ಬಂದವನಿಗೆ ಇಲ್ಲಿ ಕೆಲಸ ಇರಬೇಕು, ಅದು ನಮ್ಮ ಹೊಣೆ.

ನಮ್ಮ ತಪ್ಪನ್ನೂ ಹೇಳಿಬಿಡ್ತೀನಿ. ಮೇಸ್ತ್ರಿ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದ ಅಂತ ನಾನು ಕೂಲಿಯಲ್ಲಿ ಚೌಕಾಸಿ ಮಾಡಿದೆ. ಮೂವತ್ತು ವರ್ಷ ಕಲಿತದ್ದಕ್ಕೆ ಮುಕ್ಕಾಲು ಗಂಟೆ ಸಾಕಾಯ್ತು ಅಂತ ನನಗೆ ಹೊಳೆಯಲಿಲ್ಲ. ನಮ್ಮ ಬೆವರಿಗೆ ನ್ಯಾಯವಾದ ಬೆಲೆ ಬೇಕು ಅಂತ ಕೂಗುವವರು ನಾವು, ಅವನ ಬೆವರಿಗೆ ಅಡ್ಡ ಬರ್ತೀವಿ. ಮೆಣಸು ಕೊಯ್ಯಲು ಏಣಿ ಹತ್ತುವವನು, ನೆರಳು ಮರ ಕಪಾತು ಮಾಡುವವನು ಕೂಡ ಕಸುಬುದಾರನೇ. ಅವರನ್ನೆಲ್ಲ ಬರೀ ಆಳು ಅಂತ ಕರೆದೆವು, ಈಗ ಅಸ್ಸಾಮಿನಿಂದ ಜನ ಬರಲಿ ಅಂತ ದಾರಿ ಕಾಯ್ತೀವಿ. ಹೆಣ್ಣು ಕೊಡುವಾಗ ಹುಡುಗ ಫಿಟ್ಟರ್ ಅಂದರೆ ಮುಖ ತಿರುಗಿಸ್ತೀವಿ. ಹೀಗಿದ್ದರೆ ಯಾವ ಹುಡುಗ ಸ್ಪ್ಯಾನರ್ ಹಿಡಿಯುತ್ತಾನೆ?

ಆದ್ದರಿಂದ ನಮ್ಮ ಕೈಲಾದದ್ದು ಮೂರು ಕೆಲಸ ಹೇಳ್ತೀನಿ. ಒಂದು, ಇಪ್ಪತ್ತು ಮನೆ ಸೇರಿ ಒಂದು ತೇವದ ಮೀಟರ್, ಒಂದು ಸಣ್ಣ ಸ್ಯಾಂಪಲ್ ಹಲ್ಲರ್, ಒಂದು ತಕ್ಕಡಿ ಇಟ್ಟುಕೊಳ್ಳೋಣ. ಊರಿನ ಓದಿದ ಹೆಣ್ಣುಮಗಳೊಬ್ಬಳು ಕಲಿತು ಅದನ್ನು ನೋಡಿಕೊಳ್ಳಲಿ, ಚೀಲಕ್ಕಿಷ್ಟು ಅಂತ ಅವಳಿಗೆ ಕೊಡೋಣ. ಎರಡು, ಈ ಮಳೆಗಾಲದಲ್ಲಿ ಇಬ್ಬರು ಹುಡುಗರನ್ನು ಆ ಮೇಸ್ತ್ರಿಯ ಜೊತೆ ಹಾಕೋಣ. ಅವರ ಊಟ, ಬಸ್ಸಿನ ಖರ್ಚು ನಮ್ಮದು. ಮಳೆಗಾಲದಲ್ಲೇ ಎಲ್ಲರ ಪಲ್ಪರ್ ಬಿಚ್ಚಿ ನೋಡಿಸೋಣ, ಡಿಸೆಂಬರ್‌ಗೆ ಕಾಯೋದು ಬೇಡ. ಮೂರು, ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಗಿಡದ ವಿದ್ಯೆ ಕಲಿಸಿದ ಹಾಗೆ ಯಂತ್ರದ ವಿದ್ಯೆಯನ್ನೂ ಐಟಿಐ ಜೊತೆ ಸೇರಿ ಕಲಿಸಿ ಅಂತ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡೋಣ.

ಆ ಮೇಸ್ತ್ರಿ ಇವತ್ತು ಸಭೆಗೆ ಬಂದಿದ್ದಾನೆ, ಬಾಗಿಲ ಹತ್ತಿರ ನಿಂತಿದ್ದಾನೆ. ಕಲಿಸಲು ಒಪ್ಪಿದ್ದಾನೆ. ಮೊದಲನೆಯ ಹುಡುಗ ನನ್ನ ಎರಡನೆಯ ಮಗ. ಇನ್ನೊಬ್ಬನ ಹೆಸರು ನೀವು ಕೊಡಿ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಕಿಲೋ ಚೆರ್ರಿ ತನ್ನಿ. ಭಾಷಣ ಬೇಡ, ಇಲ್ಲೇ ಸುಲಿದು ತೂಗೋಣ.