ಹಾಡಿಗೆ ಬಲ ಎಲ್ಲಿಂದ ಬಂತು?

ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುವಾಗ ನಿಮ್ಮ ಕಿವಿಯ ಪಕ್ಕದಲ್ಲಿ ಅಲುಗಾಡುತ್ತಿರುವುದು ತೆಳ್ಳನೆಯ ಒಂದು ಪ್ಲಾಸ್ಟಿಕ್ ಪೊರೆ. ಕೆಟ್ಟುಹೋದ ಹಳೆಯ ಇಯರ್‌ಫೋನ್ ಮನೆಯಲ್ಲಿದ್ದರೆ ದೊಡ್ಡವರನ್ನು ಜೊತೆಗಿಟ್ಟುಕೊಂಡು ಬಿಚ್ಚಿ ನೋಡಿ. ಪೊರೆಯ ಬೆನ್ನಿಗೆ ಕೂದಲಿಗಿಂತ ಸಪೂರವಾದ ತಾಮ್ರದ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ. ಅದರ ನಟ್ಟನಡುವೆ ಗುಂಡನೆಯ ಒಂದು ಆಯಸ್ಕಾಂತ. ಗುಂಡುಸೂಜಿ ಹತ್ತಿರ ತಂದರೆ ಟಕ್ಕನೆ ಸೆಳೆದುಕೊಳ್ಳುತ್ತದೆ.

ಸುರುಳಿಯಲ್ಲಿ ಕರೆಂಟು ಹರಿದಾಗ ಅದೂ ಆಯಸ್ಕಾಂತವಾಗುತ್ತದೆ. ಕರೆಂಟು ಒಂದು ದಿಕ್ಕಿಗೆ ಹರಿದರೆ ಪೊರೆ ಮುಂದಕ್ಕೆ ಬರುತ್ತದೆ, ದಿಕ್ಕು ಬದಲಾಯಿಸಿದರೆ ಹಿಂದಕ್ಕೆ ಹೋಗುತ್ತದೆ. ಸೆಕೆಂಡಿಗೆ 440 ಸಲ ಹೀಗೆ ಹೋಗಿ ಬಂದರೆ ಒಂದು ಸ್ವರ ಕೇಳಿಸುತ್ತದೆ. 880 ಸಲವಾದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳಿಸುತ್ತದೆ. ನೀವು ಕೇಳಿದ ಅಷ್ಟೂ ಹಾಡುಗಳನ್ನು ಆ ಒಂದು ಪೊರೆ ಹಿಂದೆ ಮುಂದೆ ಅಲುಗಿಯೇ ನುಡಿಸಿದೆ!

ಇಷ್ಟು ಹಗುರವಾದ ಪೊರೆಯನ್ನು ಅಲುಗಿಸಲು ಹೆಚ್ಚು ಶಕ್ತಿ ಬೇಕಿಲ್ಲ. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಎಷ್ಟೋ ಇಯರ್‌ಫೋನುಗಳಿಗೆ ಒಂದು ಮಿಲಿವ್ಯಾಟ್, ಅಂದರೆ ಒಂದು ವ್ಯಾಟಿನ ಸಾವಿರದಲ್ಲೊಂದು ಪಾಲು ಕೊಟ್ಟರೆ ಸಾಕು, ಕಿವಿ ಗುಂಯ್‌ಗುಡುವಷ್ಟು ಜೋರಾಗಿ ಹಾಡುತ್ತವೆ. ಹಾಗಿದ್ದರೆ ಕೆಲವರು ಫೋನು ಮತ್ತು ಹೆಡ್‌ಫೋನಿನ ನಡುವೆ ಅಂಗೈಯಲ್ಲಿ ಹಿಡಿಸುವ ಇನ್ನೊಂದು ಪೆಟ್ಟಿಗೆ ಇಟ್ಟುಕೊಳ್ಳುತ್ತಾರಲ್ಲ, ಆ ಆಂಪ್ಲಿಫೈಯರ್ ಯಾಕೆ ಬೇಕು?

ಅದಕ್ಕೆ ಉತ್ತರ ಸುರುಳಿಯಲ್ಲಿದೆ. ತಂತಿ ಸಪೂರವಾದಷ್ಟೂ, ಸುತ್ತು ಹೆಚ್ಚಾದಷ್ಟೂ ಕರೆಂಟಿಗೆ ಅಡ್ಡಿ ಹೆಚ್ಚು. ಆ ಅಡ್ಡಿಯನ್ನು ಅಳೆಯುವುದು ಓಮ್‌ಗಳಲ್ಲಿ. ಸಾಮಾನ್ಯ ಇಯರ್‌ಫೋನಿನ ಪೆಟ್ಟಿಗೆಯ ಮೇಲೆ 16 ಓಮ್ ಅಥವಾ 32 ಓಮ್ ಎಂದು ಬರೆದಿರುತ್ತದೆ. ಆದರೆ ಜರ್ಮನಿಯ ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಎಂಬ ಹೆಸರಾಂತ ಹೆಡ್‌ಫೋನಿಗೆ 300 ಓಮ್. ಒಂದು ಲೆಕ್ಕ ಮಾಡೋಣ. ಫೋನು ಸುಮಾರು 1 ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಬಂದದ್ದನ್ನು ಓಮ್‌ನಿಂದ ಭಾಗಿಸಿದರೆ ಎಷ್ಟು ವ್ಯಾಟ್ ಎಂಬುದು ಸಿಗುತ್ತದೆ. 32 ಓಮ್‌ಗೆ ಸುಮಾರು 31 ಮಿಲಿವ್ಯಾಟ್ ಬಂತು. 300 ಓಮ್‌ಗೆ ಬರೀ 3.3 ಮಿಲಿವ್ಯಾಟ್.

3.3 ಕೂಡ ಸಾಲುತ್ತದಲ್ಲ ಎಂದು ನೀವು ಕೇಳಬಹುದು. ಸಂಗೀತ ಒಂದೇ ಸಮ ಇರುವುದಿಲ್ಲವಲ್ಲ! ವೀಣೆ ಮೆಲ್ಲಗೆ ನುಡಿಯುತ್ತಿರುವಾಗ ಮೃದಂಗದ ಮೇಲೆ ಒಂದು ಪೆಟ್ಟು ಬೀಳುತ್ತದೆ. ಆ ಒಂದು ಕ್ಷಣಕ್ಕೆ ಹತ್ತಾರು ಪಟ್ಟು ಶಕ್ತಿ ಬೇಕು. ಅಷ್ಟು ಇಲ್ಲದಿದ್ದರೆ ಧ್ವನಿಯ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ, ಪೆಟ್ಟು ಒಡಕಾಗಿ ಕೇಳುತ್ತದೆ. ಆಂಪ್ಲಿಫೈಯರ್ ಬೇಕಾಗುವುದು ಇಂಥ ಕಡೆ. ನಿಮ್ಮದು 32 ಓಮ್‌ನ ಇಯರ್‌ಫೋನ್ ಆಗಿದ್ದು ಫೋನಿನಲ್ಲೇ ಚೆನ್ನಾಗಿ ಕೇಳುತ್ತಿದ್ದರೆ ಅದು ಬೇಕಿಲ್ಲ. ಅಪ್ಪ ಅಮ್ಮನನ್ನು ಪೀಡಿಸಿ ಕೊಡಿಸಿಕೊಳ್ಳುವ ವಸ್ತುವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರೋಣ. ಆಂಪ್ಲಿಫೈಯರ್ ಧ್ವನಿಯನ್ನು ದೊಡ್ಡದು ಮಾಡುತ್ತದೆ ಎನ್ನುತ್ತೇವೆ. ಆದರೆ ಫೋನಿನಿಂದ ಬಂದ ಕರೆಂಟನ್ನು ಅದು ಹಿಗ್ಗಿಸುವುದಿಲ್ಲ. ಇಲ್ಲದ ಶಕ್ತಿಯನ್ನು ಯಾವ ಯಂತ್ರವೂ ಹುಟ್ಟಿಸಲಾರದು.

ಊರ ಕೆರೆಯ ತೂಬನ್ನು ನೋಡಿದ್ದೀರಾ? ಕೆರೆಯ ತುಂಬ ನೀರು ನಿಂತಿರುತ್ತದೆ. ನೀರುಗಂಟಿ ತೂಬನ್ನು ಸ್ವಲ್ಪ ಎತ್ತಿದರೆ ಕಾಲುವೆಯಲ್ಲಿ ಸ್ವಲ್ಪ ನೀರು, ಹೆಚ್ಚು ಎತ್ತಿದರೆ ಹೆಚ್ಚು ನೀರು. ಹೊಲಕ್ಕೆ ಹರಿದದ್ದು ಕೆರೆಯ ನೀರೇ, ನೀರುಗಂಟಿ ಖರ್ಚು ಮಾಡಿದ್ದು ತೋಳಿನ ಒಂದಿಷ್ಟು ಬಲ ಮಾತ್ರ. ಆಂಪ್ಲಿಫೈಯರಿನಲ್ಲಿ ಬ್ಯಾಟರಿಯೇ ಕೆರೆ, ಟ್ರಾನ್ಸಿಸ್ಟರ್ ತೂಬು, ಫೋನಿನಿಂದ ಬಂದ ನಿಶ್ಶಕ್ತ ಸಂಕೇತವೇ ನೀರುಗಂಟಿ. ಸಂಕೇತ ಏರಿದಂತೆ ತೂಬು ಏರುತ್ತದೆ, ಇಳಿದಂತೆ ಇಳಿಯುತ್ತದೆ, ಅದೂ ಸೆಕೆಂಡಿಗೆ ಸಾವಿರಾರು ಸಲ. ಬ್ಯಾಟರಿಯ ಕರೆಂಟು ಹಾಡಿನ ಆಕಾರ ತಳೆದು ಹೆಡ್‌ಫೋನಿಗೆ ಹರಿಯುತ್ತದೆ. ಅಂದರೆ ಮೃದಂಗದ ಆ ಪೆಟ್ಟಿಗೆ ಬಲ ಬಂದದ್ದು ನಿನ್ನೆ ರಾತ್ರಿ ನೀವು ಚಾರ್ಜಿಗೆ ಹಾಕಿದಾಗ ಒಳಗೆ ಹೋದ ಶಕ್ತಿಯಿಂದ!

ಟ್ರಾನ್ಸಿಸ್ಟರನ್ನು 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲು ಮಾಡಿ ತೋರಿಸಿದರು. ಹೆಡ್‌ಫೋನ್ ಅದಕ್ಕಿಂತ ಹಳೆಯದು. 1910ರಲ್ಲೇ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ಹೆಡ್‌ಫೋನ್ ತಯಾರಿಸಿ ಅಮೆರಿಕದ ನೌಕಾಪಡೆಗೆ ಮಾರಿದ್ದ.

ಕಿಸೆಯಲ್ಲಿಟ್ಟುಕೊಳ್ಳುವ ಆಂಪ್ಲಿಫೈಯರುಗಳ ಪೈಕಿ ಒಂದನ್ನು ನೀವು ತಿಳಿದಿರಲೇಬೇಕು. 1990ರ ದಶಕದ ಕೊನೆಯಲ್ಲಿ ಚು ಮೋಯ್ ಎಂಬವರು ಬಹಳ ಸರಳವಾದ ಒಂದು ನಕ್ಷೆಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಪ್ರಪಂಚದ ನಾನಾ ಕಡೆ ಹವ್ಯಾಸಿಗಳು ಅದನ್ನು ನೋಡಿ, ಆಲ್ಟಾಯ್ಡ್ಸ್ ಪೆಪ್ಪರ್‌ಮಿಂಟಿನ ಖಾಲಿ ತಗಡಿನ ಡಬ್ಬಿಯೊಳಗೆ ಆಂಪ್ಲಿಫೈಯರ್ ಕಟ್ಟಿದರು. ಮುಚ್ಚಳ ತೆಗೆದರೆ ಒಂದು ಪಕ್ಕದಲ್ಲಿ 9 ವೋಲ್ಟಿನ ಚೌಕ ಬ್ಯಾಟರಿ, ಇನ್ನೊಂದು ಪಕ್ಕದಲ್ಲಿ ಸಣ್ಣ ಬೋರ್ಡು, ಅದರ ಮೇಲೆ ಎಂಟು ಕಾಲಿನ ಒಂದೇ ಒಂದು ಕಪ್ಪು ಚಿಪ್. ಆ ಚಿಪ್ಪಿನೊಳಗೆ ಎಡಗಿವಿಗೆ ಒಂದು, ಬಲಗಿವಿಗೆ ಒಂದು ಹೀಗೆ ಎರಡು ಆಂಪ್ಲಿಫೈಯರುಗಳಿವೆ. ಮೂಲ ನಕ್ಷೆಯಲ್ಲಿ ಬಂದ ವೋಲ್ಟು ಸುಮಾರು 11 ಪಟ್ಟಾಗುತ್ತದೆ.

ಇದರಲ್ಲೊಂದು ಜಾಣತನವಿದೆ. ಪೊರೆ ಹಿಂದೆಯೂ ಹೋಗಬೇಕು, ಮುಂದೆಯೂ ಬರಬೇಕು ಎಂದೆವಲ್ಲ? ಆದರೆ ಬ್ಯಾಟರಿ ಕರೆಂಟನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹಾಗಾಗಿ, ಕರೆಂಟಿಗೆ ಅಡ್ಡಿಯೊಡ್ಡುವ ಸಮನಾದ ಎರಡು ರೆಸಿಸ್ಟರುಗಳನ್ನಿಟ್ಟು 9 ವೋಲ್ಟನ್ನು ನಡುವೆ ಸೀಳುತ್ತಾರೆ. ನಡುವಿನ ಬಿಂದುವನ್ನು ಸೊನ್ನೆ ಎಂದಿಟ್ಟುಕೊಂಡರೆ ಮೇಲೆ ನಾಲ್ಕೂವರೆ, ಕೆಳಗೆ ನಾಲ್ಕೂವರೆ. ಎರಡೂ ದಿಕ್ಕಿಗೆ ದಾರಿ ಸಿಕ್ಕಿತು.

ಬಳಸುವಾಗ ಜೋಡಿಸುವ ಕ್ರಮ ಮುಖ್ಯ. ಮೊದಲು ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿ. ವೋಲ್ಟು ಎಷ್ಟು ಪಟ್ಟಾಗಬೇಕು ಎಂಬುದನ್ನು ಬದಲಿಸುವ, ಕಡಿಮೆ–ಹೆಚ್ಚು ಎಂಬ ಗೇನ್ ಸ್ವಿಚ್ಚು ಇದ್ದರೆ ಕಡಿಮೆಗೆ ತಳ್ಳಿ. ಆಮೇಲೆ ಹೆಡ್‌ಫೋನಿನ ಪಿನ್ನು ಚುಚ್ಚಿ, ಹಾಡು ಹಚ್ಚಿ, ಗುಂಡಿಯನ್ನು ಮೆಲ್ಲಗೆ ಮೇಲಕ್ಕೆ ತನ್ನಿ. ಪಿನ್ನನ್ನು ಚುಚ್ಚುವ ಮೊದಲು ಹತ್ತಿರದಿಂದ ನೋಡಿ. 3.5 ಮಿಲಿಮೀಟರ್ ದಪ್ಪದ ಆ ಕಡ್ಡಿಯ ಮೇಲೆ ಎರಡು ಕಪ್ಪು ಉಂಗುರಗಳಿದ್ದು, ಅವು ಲೋಹವನ್ನು ಮೂರು ಪಾಲು ಮಾಡಿವೆ. ತುದಿಯದು ಎಡಗಿವಿಗೆ, ನಡುವಿನದು ಬಲಗಿವಿಗೆ, ಬುಡದ್ದು ಎರಡಕ್ಕೂ ಸೇರಿದ ಮರಳುದಾರಿ. ಮೈಕ್ ಇರುವುದಾದರೆ ಮೂರು ಉಂಗುರ ಕಾಣುತ್ತದೆ. ಪಿನ್ನು ಅರ್ಧ ಮಾತ್ರ ಒಳಗೆ ಹೋದರೆ ಹಾಡುಗಾರರ ಧ್ವನಿ ಮಾಯವಾಗುವುದೋ, ಒಂದೇ ಕಿವಿಗೆ ಕೇಳುವುದೋ ಆಗುವುದು ಈ ಪಾಲುಗಳು ತಮ್ಮ ಜಾಗ ತಪ್ಪುವುದರಿಂದಲೇ.

ವಾಲ್ಯೂಮ್ ಕೆಳಗಿಡಿ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಮ್ಮ ಒಂದೊಂದು ಕಿವಿಯ ಒಳಗೂ ಶಂಖದಾಕಾರದ ಎಲುಬಿನ ಸುರುಳಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಧ್ವನಿಗೆ ಅವು ಬಾಗಿ, ಮಿದುಳಿಗೆ ಸುದ್ದಿ ಕಳಿಸುತ್ತವೆ. ಬಹಳ ಜೋರಿನ ಧ್ವನಿಗೆ ಸತ್ತುಹೋದರೆ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಅವು ಮತ್ತೆ ಬೆಳೆಯುತ್ತವೆ, ಮನುಷ್ಯರಿಗೆ ಬೆಳೆಯುವುದಿಲ್ಲ! ಧ್ವನಿ ಎಷ್ಟು ಜೋರು ಎಂಬುದನ್ನು ಅಳೆಯುವುದು ಡೆಸಿಬೆಲ್‌ಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳಿರುವ ಮಿತಿ 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಕಿವಿಗೆ ಬೀಳುವ ಶಕ್ತಿ ಇಮ್ಮಡಿಯಾಗುವುದರಿಂದ ಸಮಯ ಅರ್ಧಕ್ಕಿಳಿಯುತ್ತದೆ. 78ಕ್ಕೆ 20 ಗಂಟೆ, 81ಕ್ಕೆ 10 ಗಂಟೆ. 90ಕ್ಕೆ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ. ಆಂಪ್ಲಿಫೈಯರ್ ಹಿಂದೆ ಇದ್ದರೆ ಸಣ್ಣ ಇಯರ್‌ಫೋನ್ 90 ದಾಟುವುದು ಗುಂಡಿಯ ಒಂದು ತಿರುವಿಗೆ. ಪಕ್ಕದಲ್ಲಿ ಕೂತವರು ಸಾಧಾರಣ ದನಿಯಲ್ಲಿ ಕರೆದರೂ ನಿಮಗೆ ಕೇಳಬೇಕು, ಅಷ್ಟಕ್ಕೇ ನಿಲ್ಲಿಸಿ.

ಇನ್ನು ಚಾರ್ಜಿನ ವಿಷಯ. ಈಗಿನ ಹೆಚ್ಚಿನ ಆಂಪ್ಲಿಫೈಯರುಗಳಲ್ಲಿ ಇರುವುದು ಲಿಥಿಯಂ ಅಯಾನ್ ಬ್ಯಾಟರಿ. ಅದರ ಒಂದು ಬದಿಯಲ್ಲಿ ಗ್ರಾಫೈಟ್, ಅಂದರೆ ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವುದೇ. ಅದು ಪದರ ಪದರವಾಗಿರುತ್ತದೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಇನ್ನೊಂದು ಬದಿಯ ಲೋಹದ ಆಕ್ಸೈಡಿನಿಂದ ಹೊರಟು ಬಂದು ಈ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಹಾಡು ಕೇಳುವಾಗ ಅವು ಒಳಗಿಂದೊಳಗೇ ವಾಪಸು ಹೊರಡುತ್ತವೆ, ಎಲೆಕ್ಟ್ರಾನುಗಳು ಮಾತ್ರ ಹೊರಗಿನ ತಂತಿಯ ದಾರಿ ಹಿಡಿದು, ಟ್ರಾನ್ಸಿಸ್ಟರ್ ದಾಟಿ, ಹೆಡ್‌ಫೋನಿನ ಸುರುಳಿ ಸುತ್ತಿ ಬರುತ್ತವೆ. ಈ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ದಾರಿ ಮಾಡಿದ ವಿಟಿಂಗ್‌ಹ್ಯಾಮ್, ಗುಡ್‌ಇನಫ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ! ಅಂದಹಾಗೆ, ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ ಸುತ್ತಮುತ್ತಲಿನ ನೆಲದಲ್ಲೂ ಲಿಥಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯದವರು ಗುರುತಿಸಿದ್ದಾರೆ.

ಗೋಡೆಗೆ ಚುಚ್ಚುವ ಚಾರ್ಜರು ಮನೆಯ 230 ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಕೊಡುತ್ತದೆ, ಅಷ್ಟೇ. ಬ್ಯಾಟರಿಯನ್ನು ಲೆಕ್ಕವಿಟ್ಟು ತುಂಬುವುದು ಆಂಪ್ಲಿಫೈಯರಿನೊಳಗಿನ ಒಂದು ಪುಟ್ಟ ಚಿಪ್. ಮೊದಲು ಅದು ಒಂದೇ ಸಮನಾದ ಕರೆಂಟು ಬಿಡುತ್ತದೆ. ಬ್ಯಾಟರಿಯ ವೋಲ್ಟು ಏರುತ್ತ ಏರುತ್ತ 4.2 ಮುಟ್ಟಿದಾಗ ಅಲ್ಲಿಗೇ ಹಿಡಿದಿಟ್ಟು, ಕರೆಂಟನ್ನು ಇಳಿಸುತ್ತ ಹೋಗುತ್ತದೆ. ಕರೆಂಟು ಮೊದಲಿದ್ದುದರ ಹತ್ತರಲ್ಲೊಂದು ಪಾಲಿನ ಸುಮಾರಿಗೆ ಬಂದಾಗ ನಿಲ್ಲಿಸುತ್ತದೆ. ದೀಪದ ಬಣ್ಣ ಬದಲಾಗುವುದೋ, ಆರುವುದೋ ಆಗ. ಬಹುಪಾಲು ಬೇಗ ತುಂಬಿ ಕೊನೆಯ ಸ್ವಲ್ಪಕ್ಕೆ ಬಹಳ ಹೊತ್ತು ಹಿಡಿಯುವುದು ಈ ಕಾರಣಕ್ಕೆ.

ಬ್ಯಾಟರಿಗೆ ಸೆಕೆ ಒಗ್ಗುವುದಿಲ್ಲ. 45 ಡಿಗ್ರಿಗಿಂತ ಬಿಸಿ ಇರುವಲ್ಲಿ ಚಾರ್ಜ್ ಮಾಡಬಾರದು. ಏಪ್ರಿಲ್ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆಯ ಮಕ್ಕಳು ಬಿಸಿಲು ಬೀಳುವ ಕಿಟಕಿಯ ಬಳಿ, ನಿಂತ ಕಾರಿನೊಳಗೆ ಚಾರ್ಜಿಗೆ ಇಡಬೇಡಿ. ದಿಂಬಿನ ಕೆಳಗಂತೂ ಯಾರೂ ಇಡಬೇಡಿ. ಬ್ಯಾಟರಿ ಉಬ್ಬಿ ಪೆಟ್ಟಿಗೆಯ ಮೈ ಬಿರಿದಂತೆ ಕಂಡರೆ ಒಳಗೆ ಅನಿಲ ತುಂಬಿದೆ ಎಂದು ಅರ್ಥ. ಆಗ ಒತ್ತದೆ, ಚುಚ್ಚದೆ ದೊಡ್ಡವರ ಕೈಗೆ ಕೊಡಿ. ಅದನ್ನು ಕಸದ ಬುಟ್ಟಿಗೂ ಹಾಕುವಂತಿಲ್ಲ, ಹಳೆಯ ಎಲೆಕ್ಟ್ರಾನಿಕ್ ವಸ್ತು ತೆಗೆದುಕೊಳ್ಳುವ ಕೇಂದ್ರಕ್ಕೆ ಕಳಿಸಬೇಕು. ತಗಡಿನ ಡಬ್ಬಿಯ ಆಂಪ್ಲಿಫೈಯರಿನಲ್ಲಿರುವಂಥ 9 ವೋಲ್ಟಿನ ಸಾದಾ ಬ್ಯಾಟರಿಯನ್ನು ಚಾರ್ಜರಿಗೆ ಹಾಕಲೇಬೇಡಿ. ಅದು ಮತ್ತೆ ತುಂಬುವ ಜಾತಿಯದಲ್ಲ, ಸೋರುತ್ತದೆ, ಒಡೆಯಲೂಬಹುದು. ತಿಂಗಳುಗಟ್ಟಲೆ ಬಳಸದೆ ಎತ್ತಿಡುವುದಾದರೆ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಅಲ್ಲ, ಪೂರ್ತಿ ಖಾಲಿಯೂ ಅಲ್ಲ, ಸುಮಾರು ಅರ್ಧಕ್ಕೆ ಬಿಟ್ಟು ತಂಪಿನ ಜಾಗದಲ್ಲಿಡಿ.

ಚಾರ್ಜ್ ಆಗುತ್ತಿರುವಾಗಲೇ ಹಾಡು ಕೇಳಿದರೆ ಕೆಲವೊಮ್ಮೆ ಹಿಂದುಗಡೆ ಗುಂಯ್ ಎಂದೋ ಸುಯ್ ಎಂದೋ ಕೇಳಿಸುತ್ತದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗಿ ಬರುತ್ತದೆ, ಚಾರ್ಜರಿನ ಒಳಗಿನ ಸ್ವಿಚ್ಚು ಸೆಕೆಂಡಿಗೆ ಹತ್ತಾರು ಸಾವಿರ ಸಲ ಬಡಿಯುತ್ತದೆ. ಆ ಕಂಪನದ ಚೂರುಪಾರು ತಂತಿಯಲ್ಲಿ ನುಸುಳಿ ಹಾಡಿನ ಜೊತೆ ಸೇರಿಕೊಳ್ಳುತ್ತದೆ. ಚಾರ್ಜರಿನ ತಂತಿ ಕಿತ್ತ ಕೂಡಲೇ ಸದ್ದು ನಿಂತರೆ ಪೆಟ್ಟಿಗೆ ಕೆಟ್ಟಿಲ್ಲ. ಬ್ಯಾಟರಿಯ ಕರೆಂಟಿನಲ್ಲಿ ಇಂಥ ಅಲೆಗಳಿಲ್ಲ. ಬ್ಯಾಟರಿಯ ಮೇಲೆ ಕೇಳುವ ಸಂಗೀತ ನಿಜಕ್ಕೂ ಸ್ವಚ್ಛ.

ಒಮ್ಮೆ ತುಂಬಿದರೆ ಎಷ್ಟು ಗಂಟೆ ಬರುತ್ತದೆ? ಪೆಟ್ಟಿಗೆಯ ಮೇಲೆ 1000 ಮಿಲಿಆಂಪಿಯರ್ ಗಂಟೆ ಎಂದಿದೆ, ಆಂಪ್ಲಿಫೈಯರ್ 100 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಭಾಗಿಸಿದರೆ 10 ಗಂಟೆ. ಇಲ್ಲೊಂದು ವಿಚಿತ್ರ ಗಮನಿಸಿ. ಬ್ಯಾಟರಿಯ ವೋಲ್ಟು ಸುಮಾರು 3.7. ಅದನ್ನು 100 ಮಿಲಿಆಂಪಿಯರಿನಿಂದ ಗುಣಿಸಿದರೆ 370 ಮಿಲಿವ್ಯಾಟ್. ಹೆಡ್‌ಫೋನಿಗೆ ಹೋಗುತ್ತಿರುವುದು ಒಂದೋ ಎರಡೋ ಮಿಲಿವ್ಯಾಟ್! ಮಿಕ್ಕದ್ದೆಲ್ಲ ಎಲ್ಲಿ ಹೋಯಿತು? ಸಂಕೇತ ಬಂದ ಕ್ಷಣವೇ ತಡವಿಲ್ಲದೆ ಸ್ಪಂದಿಸಲು ಟ್ರಾನ್ಸಿಸ್ಟರುಗಳ ಮೂಲಕ ಸ್ವಲ್ಪ ಕರೆಂಟು ಸದಾ ಹರಿಯುತ್ತಿರಬೇಕು. ಆ ಶಕ್ತಿಯೆಲ್ಲ ಶಾಖವಾಗುತ್ತದೆ. ಅರ್ಧ ಗಂಟೆ ಹಾಡು ಕೇಳಿದ ಮೇಲೆ ಪೆಟ್ಟಿಗೆಯನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ.

ಬೇಸಿಗೆ ರಜೆಯಲ್ಲಿ, ಯಾರದಾದರೂ ಆಂಪ್ಲಿಫೈಯರ್ ಕೈಗೆ ಸಿಕ್ಕರೆ, ಈ ಪ್ರಯೋಗ ಮಾಡಿ. ಪೂರ್ತಿ ಚಾರ್ಜ್ ಮಾಡಿ, ಮೆಲುದನಿಯಲ್ಲಿ ಹಾಡು ಹಚ್ಚಿಟ್ಟು, ತಾನಾಗಿ ಆರಿಹೋಗುವವರೆಗೆ ಎಷ್ಟು ಗಂಟೆಯಾಯಿತು ಎಂದು ಬರೆದುಕೊಳ್ಳಿ. ಮತ್ತೊಂದು ದಿನ ಪುನಃ ತುಂಬಿ, ಹೆಡ್‌ಫೋನನ್ನು ಕಿವಿಯಿಂದ ದೂರ ಮೇಜಿನ ಮೇಲಿಟ್ಟು, ದನಿ ಏರಿಸಿ ಅದೇ ಹಾಡುಗಳನ್ನು ಹಚ್ಚಿ. ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹಾಡು ಎಷ್ಟು ಪಟ್ಟು ಜೋರಾಯಿತೋ ಬ್ಯಾಟರಿ ಅಷ್ಟೇ ಪಟ್ಟು ಬೇಗ ಮುಗಿಯಿತೇ? ಇಲ್ಲದಿದ್ದರೆ ಯಾಕಿಲ್ಲ ಎಂಬುದನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೋ ಟೀಚರಿಗೋ ನೀವೇ ವಿವರಿಸಿ ಹೇಳಬಹುದು.