ಬೆಳಗಾವಿಯ ಓಟಗಾರನೂ ಜಪಾನಿನ ಓಟಗಾರನೂ
(ಕತಾರ್‌ಗಾಮ್ ವಾಚನಾಲಯದಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರೂ ಇಲ್ಲಿದ್ದೀರಿ. ನಾವು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟ್ವರ್ಪಿನಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟ ನಡೆಯಿತು. ದೂರ 42 ಕಿಲೋಮೀಟರು 750 ಮೀಟರು. ಬೆಳಗಾವಿಯ ಫಡೆಪ್ಪ ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ ಹತ್ತೊಂಬತ್ತನೆಯವರಾದರು. ಈ ಹೆಸರನ್ನು ನಮಗೆ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಬೆಳಗಾವಿ ಕಡೆಯವರು ಇಲ್ಲಿ ಇಷ್ಟು ಜನರಿದ್ದೀರಿ, ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಹಳ್ಳಿಯ ಒಕ್ಕಲು ಮಕ್ಕಳು ಬರಿಗಾಲಲ್ಲಿ ಓಡುವುದನ್ನು ಕಂಡ ದೊರಾಬ್ಜಿ ಟಾಟಾ ಅವರು, ಇವರನ್ನು ಒಲಿಂಪಿಕ್ಕಿಗೆ ಕಳಿಸಬೇಕೆಂದು ಮುಂದಾದರು. ಹಾಗೆ ಹಡಗು ಹತ್ತಿದವರಲ್ಲಿ ಚೌಗುಲೆಯವರೂ ಒಬ್ಬರು.

ಅದೇ ಓಟದಲ್ಲಿ ಅವರಿಗಿಂತ ಎರಡೇ ನಿಮಿಷ ಮೊದಲು, ಹದಿನಾರನೆಯವರಾಗಿ ಗುರಿ ಮುಟ್ಟಿದವರು ಜಪಾನಿನ ಶಿಜೊ ಕನಕುರಿ. ಇವರ ಕಥೆ ವಿಚಿತ್ರವಾದುದು. 1912ರಲ್ಲಿ ಹಡಗಿನಲ್ಲೂ ಸೈಬೀರಿಯದ ರೈಲಿನಲ್ಲೂ ಹದಿನೆಂಟು ದಿನ ಪ್ರಯಾಣ ಮಾಡಿ ಸ್ಟಾಕ್‌ಹೋಮ್ ಸೇರಿದ್ದರು. ಓಟದ ದಿನ ಉರಿಬಿಸಿಲು. ಓಟಕ್ಕೆ ನಿಂತವರಲ್ಲಿ ಅರ್ಧದಷ್ಟು ಜನ ಮುಗಿಸಲೇ ಇಲ್ಲ. ಪೋರ್ಚುಗಲ್ಲಿನ ಒಬ್ಬರು ಸತ್ತೇಹೋದರು. ಕನಕುರಿ ದಾರಿಯಲ್ಲೇ ಬಳಲಿ ಬಿದ್ದರು. ಹತ್ತಿರದ ಮನೆಯವರು ತೋಟದಲ್ಲಿ ಕೂರಿಸಿ ಉಪಚರಿಸಿದರು. ಆಮೇಲೆ ಅವರು ಅಧಿಕಾರಿಗಳಿಗೆ ಒಂದು ಮಾತೂ ಹೇಳದೆ ಊರಿಗೆ ಹೊರಟುಹೋದರು. ಸ್ವೀಡನ್ನಿನವರ ದಾಖಲೆಯಲ್ಲಿ ಅವರು ಕಾಣೆಯಾದವರಾಗಿಯೇ ಉಳಿದರು!

ಊರಲ್ಲಿ ಅವರು ಸುಮ್ಮನೆ ಕೂರಲಿಲ್ಲ. 1916ರ ಕ್ರೀಡೆಗಳನ್ನು ಮಹಾಯುದ್ಧ ನುಂಗಿತು. ಆದರೂ 1920ರಲ್ಲಿ ಓಡಿದರು, 1924ರಲ್ಲಿ ಪ್ಯಾರಿಸಿಗೂ ಹೋದರು. ಹಕೋನೆಯ ತಂಡ ಓಟವನ್ನು ಆರಂಭಿಸಿದವರಲ್ಲಿ ಅವರೂ ಇದ್ದರು. 1967ರಲ್ಲಿ ಸ್ವೀಡನ್ನಿನವರೇ ಕರೆಸಿದರು. ಎಪ್ಪತ್ತೈದರ ಮುದುಕರು ಉಳಿದ ಓಟವನ್ನು ಮುಗಿಸಿದರು. ಲೆಕ್ಕ ಹಾಕಿದ ಕಾಲ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ಲೆಕ್ಕ ಬರೆಯುವ ನಮ್ಮಂಥವರಿಗೆ ಆ 0.3 ನೋಡಿ ನಗೆ ಬರುತ್ತದೆ.

ಇನ್ನೊಂದು ಮಾತು. ಮಗ್ಗದ ಕೆಲಸ ತಪ್ಪಿದ ನಾಚಿಕೆಗೆ, ಇಲ್ಲಿ ದಿನವೂ ಓದಲು ಬರುತ್ತಿದ್ದ ಹುಡುಗನೊಬ್ಬ ಯಾರಿಗೂ ಹೇಳದೆ ಹೊರಟುಹೋದ. ಅವನ ಹೆಸರಿನ ಮುಂದೆ ಒಂದು ಪುಸ್ತಕ ಬಾಕಿ ಇದೆ. ಹೆಸರು ಹೊಡೆದುಹಾಕೋಣವೆಂದು ಸಮಿತಿಯಲ್ಲಿ ಮಾತು ಬಂದಿತ್ತು. ನಾವು ಇನ್ನೂ ಹೊಡೆದಿಲ್ಲ. ಅವನ ಊರು ಬಲ್ಲವರು ಒಂದು ಕಾರ್ಡು ಬರೆಯಿರಿ. ಪುಸ್ತಕ ಕಳೆದಿದ್ದರೂ ಬರಲಿ.